ನೀಲಿ ಶೀಟಿನ ಮನೆ

ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡ ದಿನ, ಬಂದ ನೆಂಟರಲ್ಲಿ ಮುಕ್ಕಾಲು ಪಾಲು ಜನ ಮೊದಲು ಕಾಲು ತೊಳೆದದ್ದು ಹಿಂದಿನ ಮನೆ ಮೇಷ್ಟ್ರ ನಲ್ಲಿಯಲ್ಲಿ. ಆ ಮೇಷ್ಟ್ರಿಗೂ ನಮಗೂ ಎರಡು ವರ್ಷದಿಂದ ಮಾತಿಲ್ಲ. ನೆಂಟರನ್ನು ಅಲ್ಲಿಗೆ ಕಳಿಸಿದ್ದು ಉಪಗ್ರಹ ಅಂತ ನಾನು, ಉಪಗ್ರಹ ಅಲ್ಲ ನೀವು ಅಂತ ನನ್ನ ಹೆಂಡತಿ.

ಶುರುವಾದದ್ದು ಕಾಲು ಉಳುಕಿನಿಂದ. ಹದಿನೈದು ದಿನ ಮಂಚ ಬಿಟ್ಟು ಇಳಿಯುವಂತಿರಲಿಲ್ಲ. ಕೈಯಲ್ಲಿ ಫೋನು, ಫೋನಿನಲ್ಲಿ ಮ್ಯಾಪು. 2005ರಲ್ಲಿ ಗೂಗಲ್ ಅರ್ಥ್ ಬಂದ ಹೊಸದರಲ್ಲಿ ಸೈಬರ್ ಸೆಂಟರಿನಲ್ಲಿ ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ತುಮಕೂರು ಹುಡುಕಿದ್ದೆ. ಆಗ ಕಂಡದ್ದು ಪಂಚೆ ಮೇಲೆ ಚೆಲ್ಲಿದ ಹುರುಳಿ ಸಾರಿನ ಕಲೆಯಂಥ ಏನೋ ಒಂದು. ಈಗ ನೋಡಿದರೆ ಅಮಾನಿಕೆರೆ ಏರಿಯ ಮೇಲಿನ ದಾರಿಯೂ ಗೆರೆ ಎಳೆದಂತೆ ಕಾಣುತ್ತದೆ. ಕಾಲಿಲ್ಲದವನಿಗೆ ರೆಕ್ಕೆ ಬಂತು. ಕ್ಯಾತ್ಸಂದ್ರದಿಂದ ರೈಲು ಹಳಿ ಹಿಡಿದು ಬೆರಳಿನಲ್ಲೇ ತುಮಕೂರು ಸ್ಟೇಷನ್ನಿಗೆ ಬಂದೆ. ಗುಬ್ಬಿ, ತಿಪಟೂರು ಕಡೆ ಹೋದರೆ ತೆಂಗಿನ ತೋಟ. ಮೇಲಿನಿಂದ ಒಂದೊಂದು ಮರವೂ ಹೊಸ್ತಿಲ ಮುಂದೆ ಬಿಡಿಸಿದ ನಕ್ಷತ್ರದ ರಂಗೋಲಿ. ಪಾವಗಡದ ತಿರುಮಣಿಯಲ್ಲಿ ಸುಮಾರು 13,000 ಎಕರೆ ಸೋಲಾರ್ ಪಾರ್ಕು, ಯಾರೋ ಊರಿನವರ ಸೀರೆಗಳನ್ನೆಲ್ಲ ನೀಲಿಗೆ ಅದ್ದಿ ಸಾಲಾಗಿ ಒಣಗಹಾಕಿದ ಹಾಗೆ. ದೇವರಾಯನದುರ್ಗ ಮಾತ್ರ ಮೋಸ. ಹತ್ತುವಾಗ ನಾಲಿಗೆ ಹೊರಗೆ ಬರುವ ಬೆಟ್ಟ, ಮೇಲಿನಿಂದ ನೋಡಿದರೆ ಒತ್ತಿಟ್ಟ ರೊಟ್ಟಿ.

“ಕಾಫಿ ಆರ್‍ತಾ ಇದೆ. ಮೇಲಿಂದ ನೋಡೋಕೆ ನೀವೇನು ಗರುಡಾನಾ?” ಅಂದಳು ಹೆಂಡತಿ.

ಊರೆಲ್ಲ ಸುತ್ತಿದ ಮೇಲೆ ನಮ್ಮ ಮನೆ ಹುಡುಕಲು ಹೊರಟೆ. ಅಲ್ಲೇ ತೊಡಕು. ನಮ್ಮದು ರಿಂಗ್ ರೋಡಿನಾಚೆಯ ಬಡಾವಣೆ, ಎಲ್ಲ 30x40 ಸೈಟು. ಎಲ್ಲರ ಮನೆಗೂ ಅದೇ ಬೂದು ತಾರಸಿ, ಅದೇ ಕಪ್ಪು ಚುಕ್ಕಿಯಂಥ ನೀರಿನ ಟ್ಯಾಂಕು. ಬಣ್ಣ ಬಳಿಸಿದ್ದು, ಸಿಂಹದ ಮುಖದ ಗೇಟು ಹಾಕಿಸಿದ್ದು, ಸಾಲ ಮಾಡಿ ತೇಗದ ಬಾಗಿಲು ನಿಲ್ಲಿಸಿದ್ದು, ಒಂದೂ ಮೇಲಿನವನ ಲೆಕ್ಕಕ್ಕಿಲ್ಲ. ಅರ್ಧ ಗಂಟೆ ಹುಡುಕಿದ ಮೇಲೆ ಸಿಕ್ಕಿತು, ನೀಲಿ ಶೀಟು! ಬಟ್ಟೆ ಒಣಗಿಸಲು ಅಂತ ನಾನೇ ತಾರಸಿಗೆ ಹೊದಿಸಿದ್ದು. ಅದರ ಮೇಲೆ ಬೆರಳೂರಿ ‘ಮನೆ’ ಅಂತ ಗುರುತು ಹಾಕಿದೆ. ಮಗಳಿಗೆ ಕಳಿಸಿದೆ. ತಂಗಿಗೆ ಕಳಿಸಿದೆ. ಪೂಜೆಯ ಆಮಂತ್ರಣದ ಕೆಳಗೂ ಅದನ್ನೇ ಅಂಟಿಸಿ, “ದಾರಿ ಕೇಳುವ ಅಗತ್ಯವಿಲ್ಲ” ಅಂತ ಬೇರೆ ಬರೆದೆ.

ಆ ನೀಲಿ ಶೀಟಿನ ಪೂರ್ವಕಥೆ ಇಲ್ಲಿ ಹೇಳಲೇಬೇಕು. ಎರಡು ವರ್ಷದ ಹಿಂದೆ ಅಂಥದ್ದೇ ಒಂದು ಶೀಟು ಮೇಷ್ಟ್ರ ತಾರಸಿ ಮೇಲಿತ್ತು. ಏಪ್ರಿಲ್ ತಿಂಗಳ ಒಂದು ಸಂಜೆ ಬಿರುಗಾಳಿ ಸಮೇತ ಮಳೆ ಬಂದು, ಅದು ಹಾರಿ ನಮ್ಮ ಟ್ಯಾಂಕಿನ ಪೈಪು ಮುರಿಯಿತು. ನಾನು “ಸರಿಯಾಗಿ ಹುಕ್ಕು ಹಾಕಿಸಬಾರದಿತ್ತಾ ಮೇಷ್ಟ್ರೇ” ಅಂದೆ. ಅವರು “ಗಾಳಿಗೆ ಪಾಠ ಹೇಳೋಕಾಗುತ್ತೇನ್ರೀ” ಅಂದರು. ಪೈಪು ಒಂದು ದಿನದಲ್ಲಿ ಸರಿಹೋಯಿತು, ಮಾತು ಸರಿಹೋಗಲಿಲ್ಲ. ಅವರು ಮತ್ತೆ ಶೀಟು ಹಾಕಿಸಲಿಲ್ಲ. ಹೇಗೆ ಹಾಕಿಸಬೇಕು ಅಂತ ತೋರಿಸೋಣ ಅನ್ನುವ ಒಂದೇ ಹಟಕ್ಕೆ, ಅದೇ ಬಣ್ಣದ್ದನ್ನು ನಾನು ಹಾಕಿಸಿದೆ.

ಮ್ಯಾಪಿನ ಚಿತ್ರ ಇವತ್ತಿನದಲ್ಲ, ಎಷ್ಟೋ ಸಲ ವರ್ಷಗಟ್ಟಲೆ ಹಳೆಯದು, ಅನ್ನುವುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾಲ್ಕು ಜನರ ಮುಂದೆ ಹೇಳಿಯೂ ಇದ್ದೆ. ನಮ್ಮ ಬೀದಿಯ ಕೊನೆಯಲ್ಲಿ ಕಡಿದು ಹಾಕಿದ ಹುಣಸೆಮರ ಅದರಲ್ಲಿ ಇನ್ನೂ ನಿಂತೇ ಇತ್ತು, ಅದನ್ನೂ ನೋಡಿ ಕೊಂಡಾಡಿದ್ದೆ. ಮರ ಹಳೆಯದಾದರೆ ಶೀಟೂ ಹಳೆಯದೇ ಅನ್ನುವ ಕೂಡುವ ಲೆಕ್ಕ ಮಾತ್ರ ಹೊಳೆಯಲಿಲ್ಲ.

ಮೇಷ್ಟ್ರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ಗೋಡೆ. ಆದರೆ ನಮ್ಮ ಬಾಗಿಲು ನಾಲ್ಕನೇ ಕ್ರಾಸಿಗೆ, ಅವರದು ಐದನೆಯದಕ್ಕೆ. ಗುರುತು 40 ಅಡಿ ಆಚೆ ಬಿದ್ದರೆ ಸಾಕು, ಮ್ಯಾಪಿನ ಹೆಣ್ಣುಮಗಳು ಇಡೀ ಬ್ಲಾಕು ಸುತ್ತಿಸಿ ಜನರನ್ನು ಅವರ ಗೇಟಿನ ಮುಂದೆ ಇಳಿಸಿ, “ನೀವು ತಲುಪಿದ್ದೀರಿ” ಅಂದುಬಿಡುತ್ತಾಳೆ.

ಪೂಜೆಯ ದಿನ ಹನ್ನೊಂದಾದರೂ ಮನೆ ಖಾಲಿ. ಪುರೋಹಿತರು ಎರಡು ಸಲ ಗಡಿಯಾರ ನೋಡಿದರು. ಗೋಡೆಯಾಚೆಯಿಂದ ಮಾತ್ರ ಗಲಗಲ ಮಾತು, ಮಕ್ಕಳ ಅಳು, ಅದರ ನಡುವೆ ನನ್ನ ಸೋದರತ್ತೆಯ ನಗು. ಆ ನಗು ಗುಬ್ಬಿ ಸಂತೆಯಲ್ಲಿ ಕೇಳಿದರೂ ನನಗೆ ಗುರುತು ಹತ್ತುತ್ತದೆ. ತಾರಸಿಗೆ ಓಡಿ ಬಗ್ಗಿ ನೋಡಿದೆ. ಮೇಷ್ಟ್ರ ಅಂಗಳದಲ್ಲಿ ನಮ್ಮ ಬೀಗರು ಚಾಪೆಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದಾರೆ. ನಮ್ಮ ಸೋದರತ್ತೆ ಆಗಲೇ ಅವರ ಅಡುಗೆಮನೆ ಹೊಕ್ಕು ಕೋಸಂಬರಿಗೆ ಒಗ್ಗರಣೆ ಹೇಗೆ ಹಾಕಬೇಕು ಅಂತ ಹೇಳುತ್ತಿದ್ದರು.

“ಬನ್ನಿ ಸಾರ್,” ಮೇಷ್ಟ್ರು ಕೆಳಗಿನಿಂದಲೇ ಕೈಬೀಸಿದರು, “ನಿಮ್ಮ ಮನೆಗೆ ನೀವೂ ಬನ್ನಿ.”

ಎರಡು ವರ್ಷದ ನಂತರದ ಮೊದಲ ಮಾತು. ಬ್ಲಾಕು ಸುತ್ತಿ ಹೋದೆ, ಪಂಚೆ ಎತ್ತಿ ಕಟ್ಟಿಕೊಂಡು. ನೆಂಟರನ್ನು ಹೆಂಡತಿ ಹಸುಗಳ ಹಾಗೆ ಅಟ್ಟಿಕೊಂಡು ಹೋದಳು. ನಾನು ಮಾತ್ರ ತಪ್ಪು ನನ್ನದಲ್ಲ ಅಂತ ತೋರಿಸಲು ಫೋನು ತೆಗೆದು ಮೇಷ್ಟ್ರ ಮುಂದೆ ಹಿಡಿದೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು. ನೋಡಿದವರು ಸುಮ್ಮನಾದರು.

“ಇದು ನಮ್ಮ ಶೀಟು ಕಣ್ರೀ. ಹಾರಿಹೋಗೋಕೆ ಮುಂಚಿನದು.”

“ಹೌದಾ?” ಅಂದೆ, ಗೊತ್ತಾಗಿಯೂ.

“ಸ್ವಲ್ಪ ದೊಡ್ಡದು ಮಾಡಿ. ಎಷ್ಟು ಹುಕ್ಕು ಹಾಕಿಸಿದ್ದೆ ಅಂತ ಇದರಲ್ಲಾದರೂ ಕಾಣುತ್ತಾ ನೋಡೋಣ.”

ಒಳ್ಳೆಯ ಉಪಗ್ರಹದ ಚಿತ್ರದಲ್ಲೂ ಒಂದು ಚುಕ್ಕಿ ಅಂದರೆ ನೆಲದ ಮೇಲೆ ಸುಮಾರು ಒಂದಡಿ, ಹುಕ್ಕು ಎಲ್ಲಿಂದ ಕಾಣಬೇಕು? ಹಾಗಂತ ಹೇಳಬೇಕು ಅಂತಿದ್ದೆ, ಹೇಳಲಿಲ್ಲ. ಎರಡು ಬೆರಳಿಟ್ಟು ಅಗಲಿಸಿದೆ. ಶೀಟು ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು, ಕೊನೆಗೆ ಫೋನಿನ ತುಂಬ ಬರೀ ನೀಲಿ. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಅದರೊಳಗೆ ಹುಕ್ಕು ಹುಡುಕುತ್ತಿದ್ದೆವು. “ಇಲ್ಲೊಂದು ಕಪ್ಪಗಿದೆ ನೋಡಿ ಮೇಷ್ಟ್ರೇ” ಅಂತಲೂ ಅಂದೆ. ಗೋಡೆಯಾಚೆ ಆಗಲೇ ಶಂಖ ಊದುತ್ತಿದ್ದರು.