ಗಾಳಿಪಟಕ್ಕೊಂದು ಕವರಿಂಗ್ ಲೆಟರ್

ನಮ್ಮ ವಿಜಯಪುರದ ಹುಡುಗರು ಯಾರ ಅನುಮತಿಯೂ ಇಲ್ಲದೆ ಮಾಡುವ ಕೆಲಸ ಒಂದೇ ಒಂದು ಉಳಿದಿತ್ತು. ಗಾಳಿಪಟ ಹಾರಿಸೋದು. ಕಾರಹುಣ್ಣಿಮೆ ಮುಗಿದು ಆಷಾಢದ ಗಾಳಿ ಎದ್ದಿತು ಅಂದರೆ ಮಾಳಿಗೆ ಹತ್ತುತ್ತಾರೆ. ಹಳೇ ನೋಟ್‌ಬುಕ್ಕಿನ ಹಾಳೆಗೆ ಕಸಬರಿಗೆ ಕಡ್ಡಿ ಅಂಟಿಸಿದ್ದೋ, ಅಂಗಡಿಯಿಂದ ತಂದ ಬಣ್ಣದ ಪಟವೋ, ಕೈಗೆ ಸಿಕ್ಕಿದ್ದನ್ನು ಮೇಲೆ ಬಿಡುತ್ತಾರೆ. ಅದಕ್ಕೆ ಅರ್ಜಿ ಇಲ್ಲ, ಆಧಾರ್ ಇಲ್ಲ, ಓಟಿಪಿ ಇಲ್ಲ. ಹೀಗೆ ಬಿಟ್ಟರೆ ಹೇಗೆ? ಅದಕ್ಕೇ ಗಾಳಿಪಟವನ್ನು ಕ್ರೀಡೆ ಅಂತ ಮಾಡಿ ಶಾಲೆಗೂ ಓಣಿಗೂ ತರಬೇಕು ಅನ್ನೋ ಮಾತು ಆಗಾಗ ಏಳುತ್ತದೆ.

ಮಾತು ಹೊಸದಲ್ಲ. 2022ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ 75 ದೇಸಿ ಆಟಗಳನ್ನು ಶಾಲೆಗಳಿಗೆ ತರುತ್ತೇವೆ ಅಂತ ಹೇಳಿತ್ತು. ಆ ಪಟ್ಟಿಯಲ್ಲಿ ಚಿನ್ನಿದಾಂಡು ಇತ್ತು, ಗಾಳಿಪಟವೂ ಇತ್ತು. ಒಳ್ಳೆಯದೇ. ದಿನವಿಡೀ ಮೊಬೈಲ್ ಹಿಡಿಯುವ ಕೈಗೆ ದಾರ ಬಂದರೆ ಯಾರಿಗೆ ಬೇಡ? ಗಾಳಿಪಟದ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನನ್ನ ಹೆದರಿಕೆಯೆಲ್ಲ ಅದರ ಬಾಲ ಹಿಡಿದು ಬರುವ ಸುತ್ತೋಲೆಯದು. ಅದು ಇನ್ನೂ ಬಂದಿಲ್ಲ. ಆದರೆ ನಮ್ಮ ಇಲಾಖೆಗಳ ಜೊತೆ ಸ್ವಲ್ಪ ಓಡಾಡಿದವರಿಗೆ ಅದರ ಕೊನೆಯ ಸಾಲು ಕೂಡ ಈಗಲೇ ಬಾಯಿಪಾಠ: ‘ತಪ್ಪಿದಲ್ಲಿ ಮುಖ್ಯೋಪಾಧ್ಯಾಯರನ್ನೇ ನೇರ ಹೊಣೆಗಾರರನ್ನಾಗಿ ಮಾಡಲಾಗುವುದು.’

ಈ ಆಟ ಮೇಲಿನವರಿಗೆ ಯಾಕೆ ಇಷ್ಟ ಆಗುತ್ತದೆ ಗೊತ್ತಾ? ಮೈದಾನ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆ ತೆಗೆದು ನೋಡಿ, ಶಾಲೆಗೆ ಏನೇನು ಇರಬೇಕು ಅನ್ನೋ ಅನುಬಂಧದಲ್ಲಿ ಆಟದ ಮೈದಾನವೂ ಇದೆ. ಅಲ್ಲಿ ಚೆನ್ನಾಗಿಯೇ ಇದೆ. ಊರಲ್ಲಿ ಹುಡುಕಲು ಹೋದರೆ ಒಂದು ಕಡೆ ಮೈದಾನದಲ್ಲಿ ಯಾರದೋ ಮದುವೆಯ ಪೆಂಡಾಲ್, ಇನ್ನೊಂದು ಕಡೆ ಸಾಲಾಗಿ ನಿಂತ ಟಂಟಂ, ಮತ್ತೊಂದು ಕಡೆ ಮೈದಾನವೇ ಕೊಠಡಿಯಾಗಿ ಆ ಕೊಠಡಿಗೂ ಬೀಗ. ಕೊಕ್ಕೊ ಆಡಿಸಿ ಅಂದರೆ ಜಾಗ ಕೊಡಬೇಕು. ಕಬಡ್ಡಿ ಅಂದರೆ ಮ್ಯಾಟ್ ಕೇಳುತ್ತಾರೆ. ಗಾಳಿಪಟಕ್ಕೆ ಬೇಕಾಗಿರೋದು ಆಕಾಶ ಮಾತ್ರ, ಅದು ಎಲ್ಲ ಶಾಲೆಗೂ ಇದೆ. ಸೋರುವ ಶಾಲೆಯಾದರೆ ತರಗತಿಯ ಒಳಗಿಂದಲೂ ಕಾಣುತ್ತದೆ. ಆಕಾಶಕ್ಕೆ ಉತಾರ ಇಲ್ಲ, ಸರ್ವೆ ನಂಬರ್ ಇಲ್ಲ, ಒತ್ತುವರಿ ಮಾಡುವ ದಾರಿ ನಮ್ಮವರಿಗೂ ಇನ್ನೂ ಹೊಳೆದಿಲ್ಲ. ಹಾಗಾಗಿ ಒಂದು ಕಲ್ಲೂ ಇಡದೆ ‘ಶೇ 100 ಶಾಲೆಗಳಿಗೆ ಆಟದ ಸೌಲಭ್ಯ’ ಅಂತ ಪ್ರಗತಿ ವರದಿ ಬರೆದು ಕಳಿಸಬಹುದು.

ಅಷ್ಟು ಸುಲಭಾನಾ? ಕಾನೂನು ಅನ್ನೋದು ಇದೆಯಲ್ಲ. 1934ರ ವಿಮಾನ ಕಾಯ್ದೆಯಲ್ಲಿ ಯಾವುದು ಯಾವುದು ವಿಮಾನ ಅಂತ ಹೇಳುವ ಜಾಗದಲ್ಲಿ ಬಲೂನು, ಗ್ಲೈಡರ್ ಜೊತೆಗೆ ಗಾಳಿಪಟದ ಹೆಸರೂ ಇತ್ತು. ತಮಾಷೆ ಅಲ್ಲ, ನಿಜವಾಗಿಯೂ ಇತ್ತು. ಆ ಕಾಯ್ದೆ ತೆಗೆದು 2025ರ ಜನವರಿ 1ರಿಂದ ಹೊಸದು ತಂದಿದ್ದಾರೆ, ಆದರೆ ಅಲ್ಲಿವರೆಗೆ 90 ವರ್ಷ ನಮ್ಮ ಓಣಿಯ ಹುಡುಗರೆಲ್ಲ ತಮಗೇ ಗೊತ್ತಿಲ್ಲದೆ ವಿಮಾನ ಹಾರಿಸಿದ್ದಾರೆ, ಅದೂ ಚಪ್ಪಲಿ ಇಲ್ಲದೆ, ಬನಿಯನ್ ಮೇಲೆ, ಮೂಗು ಒರೆಸಿಕೊಳ್ಳುತ್ತಾ. ಬೆಳಗಾವಿಯವರಿಗೆ ಸಾಂಬ್ರಾ ವಿಮಾನ ನಿಲ್ದಾಣ ಇದೆ, ಅವರಿಗೆ ವಿಮಾನ ದೊಡ್ಡ ಮಾತಲ್ಲ. ನಮ್ಮ ವಿಮಾನ ನಿಲ್ದಾಣದ ಕೆಲಸ 2021ರಲ್ಲಿ ಶುರುವಾಗಿದ್ದು. ‘ಇನ್ನೇನು ಬಂತು, ಇನ್ನೇನು ಬಂತು’ ಅಂತ ಕೇಳಿ ಕೇಳಿ ಕಿವಿ ಸೋತಿದೆ. ಗಾಳಿಪಟವನ್ನೇ ಲೆಕ್ಕಕ್ಕೆ ಹಿಡಿದುಬಿಟ್ಟಿದ್ದರೆ ಉದ್ಘಾಟನೆ ಯಾವತ್ತೋ ಮುಗಿಸಬಹುದಿತ್ತು.

ಇನ್ನು ಫೈಲ್. ಕರೆಂಟ್ ತಂತಿ ಇದೆ, ಹೆಸ್ಕಾಂ ಪತ್ರ ಬೇಕು. ಸುತ್ತಲೂ ಸ್ಮಾರಕಗಳಿವೆ, ಪುರಾತತ್ವದವರನ್ನು ಕೇಳಬೇಕು. ಈ ಊರಲ್ಲಿ ಪಟ ಯಾವ ದಿಕ್ಕಿಗೆ ಹರಿದು ಹೋದರೂ ಒಂದು ಗುಮ್ಮಟಕ್ಕೋ ಮಿನಾರಿಗೋ ಹೋಗಿ ಸಿಕ್ಕಿಕೊಳ್ಳುತ್ತದೆ. ಅದನ್ನು ಇಳಿಸುವವರು ಯಾರು, ಏಣಿ ಯಾರದು, ಏಣಿಯ ಬಾಡಿಗೆ ಯಾವ ಲೆಕ್ಕದಲ್ಲಿ ಹಾಕೋದು? ಇದನ್ನೆಲ್ಲ ತೀರ್ಮಾನಿಸಲು ಜಿಲ್ಲಾ ಮಟ್ಟದ ಸಭೆ ಆಗಲೇಬೇಕು. ಸಭೆಯನ್ನು ಗೋಳಗುಮ್ಮಟದ ಗ್ಯಾಲರಿಯಲ್ಲಿ ಇಟ್ಟುಕೊಂಡರೆ ಒಳ್ಳೆಯದು. ಅಲ್ಲಿ ಒಂದು ಮಾತಾಡಿದರೆ ಏಳು ಸಲ ಕೇಳುತ್ತದೆ ಅಂತ ಗೈಡ್‌ಗಳು ಹೇಳುತ್ತಾರೆ. ಒಬ್ಬರು ‘ಪರಿಶೀಲಿಸಲಾಗುವುದು’ ಅಂದರೆ ಸಾಕು, ಉಳಿದ ಆರು ಇಲಾಖೆಗಳ ಉತ್ತರವೂ ಬಂದ ಹಾಗೆ.

ಮಾಂಜಾ, ಅಂದರೆ ಪಟದ ಹರಿತ ದಾರದ ವಿಷಯದಲ್ಲಿ ಮಾತ್ರ ನನಗೆ ನಗು ಬರೋದಿಲ್ಲ. ನೈಲಾನ್ ದಾರ ಹರಿಯೋದಿಲ್ಲ, ಕೊಳೆಯೋದೂ ಇಲ್ಲ. ಗಾಜಿನ ಪುಡಿ ಹಚ್ಚಿದ ದಾರ ಬೈಕ್ ಮೇಲೆ ಹೋಗುವವರ ಕುತ್ತಿಗೆ ಕೊಯ್ದು ಜೀವ ತೆಗೆದದ್ದು ದೇಶದ ತುಂಬ ನಡೆದಿದೆ. ಹಕ್ಕಿಗಳ ಲೆಕ್ಕ ಇಟ್ಟವರು ಯಾರು? ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲೇ ನೈಲಾನ್ ಮಾಂಜಾ ಮಾರೋದು, ಬಳಸೋದು ಎರಡನ್ನೂ ನಿಷೇಧಿಸಿತು. ನಿಷೇಧ ಆದ ಮೇಲೆ ಏನಾಯಿತು? ಸಂಕ್ರಾಂತಿ ಹತ್ತಿರ ಬಂದಾಗ ಅಲ್ಲೊಂದು ಇಲ್ಲೊಂದು ಅಂಗಡಿಯಲ್ಲಿ ದಾಳಿ, ಮೇಜಿನ ಮೇಲೆ ಜೋಡಿಸಿದ ದಾರದ ಉಂಡೆ, ಹಿಂದೆ ಸಾಲಾಗಿ ನಿಂತವರ ಫೋಟೋ, ಮತ್ತೆ ಮುಂದಿನ ಸಂಕ್ರಾಂತಿ. ಮಾರುವವನನ್ನು ಹಿಡಿಯೋದು ಕಷ್ಟದ ಕೆಲಸ ಅಲ್ವಾ? ಸುತ್ತೋಲೆ ಬರೆಯೋದು ಸುಲಭ. ಹತ್ತಿ ದಾರ ಕೊಡಿ, ಮಾಂಜಾ ಬೇಡ ಅಂತ ಒಂದೇ ಸಾಲಿನಲ್ಲಿ ಮುಗಿಯುವ ಮಾತಿಗೆ ಒಂದು ಸಮಿತಿ ಆಗುತ್ತದೆ. ಸಮಿತಿ ಮೂರು ಸಲ ಕೂತು ಚಹಾ ಕುಡಿದು, ಮಕ್ಕಳ ಸುರಕ್ಷತೆ ದೃಷ್ಟಿಯಿಂದ ಈ ವರ್ಷ ದಾರವಿಲ್ಲದ ಗಾಳಿಪಟ ಹಾರಿಸಿ ಅಂತ ಶಿಫಾರಸು ಮಾಡುತ್ತದೆ.

ದಾರ ಇಲ್ಲದೆ ಪಟ ಹಾರೋದಿಲ್ಲ ಅಂತ ಮೂರನೇ ಕ್ಲಾಸಿನ ಹುಡುಗಿಗೂ ಗೊತ್ತು. ಗಾಳಿ ಒಂದು ಕಡೆ ತಳ್ಳಬೇಕು, ದಾರ ಇನ್ನೊಂದು ಕಡೆ ಎಳೆಯಬೇಕು, ಆ ಜಗಳದಲ್ಲೇ ಅದು ಮೇಲೇರೋದು. ದಾರ ಬಿಟ್ಟರೆ ಅಡ್ಡಾದಿಡ್ಡಿ ತಿರುಗಿ ಯಾರದೋ ಹಿತ್ತಲಿಗೆ ಬೀಳುತ್ತದೆ. ಆದರೆ ಸಮಿತಿಯಲ್ಲಿ ಮೂರನೇ ಕ್ಲಾಸಿನ ಹುಡುಗಿ ಇರಲಿಲ್ಲ.

ಆಮೇಲೆ ಟೆಂಡರ್. ಪೇಟೆಯಲ್ಲಿ ಐದು ಹತ್ತು ರೂಪಾಯಿಗೆ ಸಿಗುವ ಪಟಕ್ಕೆ ಟೆಂಡರ್ ಯಾಕೆ ಅಂತ ಕೇಳಬೇಡಿ, ಹಾಗೆ ಕೇಳುವವರಿಂದಲೇ ದೇಶ ಹಿಂದುಳಿದಿದೆ. ಟೆಂಡರ್ ಅಂದ ಮೇಲೆ ಪಟದ ಮೇಲೆ ಫೋಟೋ ಬೇಕು. ಫೋಟೋ ಚೆನ್ನಾಗಿ ಬರಬೇಕಾದರೆ ತೆಳ್ಳನೆಯ ಬಣ್ಣದ ಕಾಗದ ಆಗೋದಿಲ್ಲ, ಫ್ಲೆಕ್ಸ್ ಆಗಬೇಕು. ಮೇಲೆ ದೊಡ್ಡವರು, ಕೆಳಗೆ ಜಿಲ್ಲೆಯವರು, ಎಡಗಡೆ ಕ್ಷೇತ್ರದವರು, ಬಲಗಡೆ ಕ್ಷೇತ್ರಕ್ಕೆ ಮುಂದೆ ನಿಲ್ಲಬೇಕು ಅಂತಿರುವವರು, ಬಾಲಂಗೋಚಿಯಲ್ಲಿ ಶುಭ ಕೋರುವವರ ಹೆಸರು, ಒಬ್ಬೊಬ್ಬರದೂ ಒಂದೊಂದು ಗೇಣು. ಎಲ್ಲ ಸೇರಿ ಪಟ ಒಂದು ಬಾಗಿಲಿನಷ್ಟು ಆಗುತ್ತದೆ, ಬಾಗಿಲಿನಷ್ಟೇ ಭಾರವೂ ಆಗುತ್ತದೆ. ಹಗುರ ಬಿದಿರಿನ ಕಡ್ಡಿ ಅದನ್ನು ತಡೆಯೋದಿಲ್ಲ ಅಂತ ಕಬ್ಬಿಣದ ಪಟ್ಟಿ ಹಾಕುತ್ತಾರೆ. ಈಗ ಅದನ್ನು ಮೇಲೆ ಎತ್ತಲು ಆಷಾಢದ ಗಾಳಿ ಸಾಲೋದಿಲ್ಲ, ಜೆಸಿಬಿ ಬೇಕು. ಎತ್ತಿದರೂ ಫೋಟೋ ಜಾಸ್ತಿ ಇರುವ ಕಡೆಗೆ ವಾಲುತ್ತದೆ. ವಾಲಿದ ಕಡೆಯವರು ಖುಷಿಯಾಗುತ್ತಾರೆ, ಉಳಿದವರು ಪತ್ರಿಕಾಗೋಷ್ಠಿ ಕರೆಯುತ್ತಾರೆ.

ಮತ್ತೆ, ಇದು ಬಂದು ಮುಟ್ಟೋದು ಯಾವಾಗ? ನಮ್ಮ ಕಡೆ ಗಾಳಿ ಜೋರಾಗಿ ಬೀಸೋದು ಜೂನ್, ಜುಲೈನಲ್ಲಿ. ಅನುದಾನ ಬೀಸೋದು ಮಾರ್ಚ್‌ನಲ್ಲಿ. ಮಾರ್ಚ್ 31ರೊಳಗೆ ಖರ್ಚು ಆಗದಿದ್ದರೆ ದುಡ್ಡು ವಾಪಸ್. ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಯುತ್ತಿರುವಾಗ ಶಾಲೆಯ ಗೇಟಿಗೆ ಲಾರಿ ಬಂದು ನಿಲ್ಲುತ್ತದೆ. ಇಳಿಸಿಕೊಳ್ಳಿ, ಸಹಿ ಹಾಕಿ. ಇಡಲು ಜಾಗ ಇಲ್ಲ, ಸ್ಟಾಕ್ ರೂಮಿನಲ್ಲಿ ಹಿಂದಿನ ಯೋಜನೆಗಳ ಸಾಮಾನು ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ.

ಶಿಕ್ಷಕರಿಗೆ ತರಬೇತಿಯೂ ಆಗಬೇಕು. ಬ್ಲಾಕ್ ಕಚೇರಿಯ ಸಭಾಂಗಣದಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ (ಫ್ಯಾನ್ ಹಾಕಿದರೆ ಕಾಗದ ಹಾರುತ್ತವೆ), ಪ್ರೊಜೆಕ್ಟರಿನಲ್ಲಿ ಗಾಳಿಪಟ ತೋರಿಸುತ್ತಾರೆ. ಪಟಕ್ಕೆ ಸೂತ್ರ, ಅಂದರೆ ದಾರ ಕೂಡಿಸುವ ಗಂಟು, ಕಟ್ಟೋದು ಹೇಗೆ ಅನ್ನೋದು ಹದಿನಾಲ್ಕನೇ ಸ್ಲೈಡ್. ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಇದೇ ಹೊತ್ತಿಗೆ ಕಚೇರಿಯ ಎದುರಿನ ಮಾಳಿಗೆಯ ಮೇಲೆ ಒಬ್ಬ ಹುಡುಗ ಸುಮ್ನೆ ಬೆರಳಿನಲ್ಲಿ ದಾರ ಆಡಿಸುತ್ತಾ ಪಟವನ್ನು ಮೋಡದ ಹತ್ತಿರ ನಿಲ್ಲಿಸಿರುತ್ತಾನೆ. ಯಾವಾಗ ಢೀಲ್ ಬಿಡಬೇಕು, ಯಾವಾಗ ಎಳೆಯಬೇಕು, ಗಾಳಿ ಸತ್ತಾಗ ಹೇಗೆ ಜಗ್ಗಿ ಜಗ್ಗಿ ಬದುಕಿಸಬೇಕು, ಸೂತ್ರದ ಗಂಟು ಒಂದು ಬೆರಳು ಮೇಲೆ ಹೋದರೆ ಏನಾಗುತ್ತದೆ, ಎಲ್ಲ ಅವನಿಗೆ ಗೊತ್ತು. ಅವನಿಗೆ ಕಲಿಸಿದ್ದು ಓಣಿಯ ಮೂಲೆಯಲ್ಲಿ ಪಟ ಮಾರುವ ಮುದುಕ. ಅವರನ್ನೇ ಶಾಲೆಗೆ ಕರೆಯಬಾರದಾ ಅಂದರೆ, ಅವರ ಹತ್ತಿರ ಬಿ.ಪಿ.ಎಡ್ ಇಲ್ಲ. ಹುಡುಗನನ್ನು ತಂಡಕ್ಕೆ ತಗೊಳ್ಳಿ ಅಂದರೆ ಹಾಜರಾತಿ ಕಡಿಮೆ. ಹಾಜರಾತಿ ಯಾಕೆ ಕಡಿಮೆ? ಗಾಳಿ ಇದ್ದ ದಿನ ಅವನು ಶಾಲೆಗೆ ಬರೋದಿಲ್ಲ.

ಸಮುದಾಯದ ಸಹಭಾಗಿತ್ವ ಅಂತಲೂ ಒಂದು ಪ್ಯಾರಾ ಇರುತ್ತದೆ. ಅದರ ಅರ್ಥ ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯವರು ದಾರಕ್ಕೆ ಪಟ್ಟಿ ಎತ್ತಬೇಕು ಅಂತ. ಬೆಳಗಾವಿಯ ಗಾಳಿಪಟ ಉತ್ಸವಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ ಅಂತಲೂ ಬರೆಯಬಹುದು. ಅಲ್ಲಿ ಹೊರದೇಶದವರು ಬಂದು ದೊಡ್ಡ ದೊಡ್ಡ ಪಟ ಏರಿಸುತ್ತಾರೆ, ನೋಡಲು ನಿಜಕ್ಕೂ ಚಂದ. ಮಕ್ಕಳು ಕೆಳಗೆ ನಿಂತು ಗೋಬಿ ಮಂಚೂರಿ ತಿನ್ನುತ್ತಾ ನೋಡಿ ಬರುತ್ತಾರೆ. ಬಸ್ ಖರ್ಚು ಪಾಲಕರದು.

ಈ ಯೋಜನೆಯ ಜೀವ ಇರೋದು ಆ್ಯಪ್‌ನಲ್ಲಿ. ಪ್ರತಿ ಶನಿವಾರ ಬೆಳಿಗ್ಗೆ 10 ಗಂಟೆಯೊಳಗೆ ಜಿಯೋ ಟ್ಯಾಗ್ ಫೋಟೋ ಹಾಕಬೇಕು. ಫೋಟೋದಲ್ಲಿ ವಿದ್ಯಾರ್ಥಿ, ಶಿಕ್ಷಕರು, ಶಾಲೆಯ ಹೆಸರಿನ ಬೋರ್ಡ್ ಮತ್ತು ಗಾಳಿಪಟ ನಾಲ್ಕೂ ಸ್ಪಷ್ಟವಾಗಿ ಕಾಣಬೇಕು. ಮೊದಲ ವಾರ ಒಬ್ಬ ಉತ್ಸಾಹಿ ಪಿ.ಟಿ. ಸರ್ ನಿಜವಾಗಿಯೂ ಪಟ ಹಾರಿಸಿ ಫೋಟೋ ತೆಗೆಯುತ್ತಾರೆ. ಪಟ ಆಕಾಶದಲ್ಲಿ ಸಣ್ಣ ಚುಕ್ಕೆ. ಆ್ಯಪ್ ಹೇಳುತ್ತದೆ: ‘ಗಾಳಿಪಟ ಕಂಡುಬಂದಿಲ್ಲ.’ ಮೇಲಿಂದ ಫೋನ್ ಬರುತ್ತದೆ.

‘ಏನ್ರೀ ಸರ, ಪಟಾನೇ ಇಲ್ಲಲ್ರೀ ಫೋಟೋದಾಗ?’

‘ಮ್ಯಾಲೈತ್ರೀ ಸಾಹೇಬ್ರ, ಹಾರಾಕತ್ತೈತಿ.’

‘ಯಾರ್ ಹೇಳ್ಯಾರ ಹಾರಸ್ರೀ ಅಂತ? ಕೆಳಗ ಇಳಸಿ ಫೋಟೋ ಹಾಕ್ರೀ ಮೊದ್ಲ.’

ಎರಡನೇ ವಾರದಿಂದ ಎಲ್ಲ ಸರಿ ಹೋಗುತ್ತದೆ. ಮಕ್ಕಳು ಬೋರ್ಡಿನ ಮುಂದೆ ಸಾಲಾಗಿ ನಿಲ್ಲುತ್ತಾರೆ, ಎದೆಯ ಮುಂದೆ ಫ್ಲೆಕ್ಸ್ ಪಟ ಹಿಡಿದುಕೊಳ್ಳುತ್ತಾರೆ, ಕ್ಲಿಕ್, ಮುಗಿಯಿತು. ಪಟ ಮತ್ತೆ ಸ್ಟಾಕ್ ರೂಮಿಗೆ. ಮೂರು ತಿಂಗಳಲ್ಲಿ ಜಿಲ್ಲೆ ಗುರಿ ಮೀರಿ ಸಾಧನೆ ಮಾಡುತ್ತದೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಅಂತ ಪಂದ್ಯಾವಳಿಯೂ ನಡೆಯುತ್ತದೆ. ಪೇಚ್ ಹಾಕಿ ಬೇರೆಯವರ ಪಟ ಕತ್ತರಿಸಿದರೆ ಶಿಸ್ತುಕ್ರಮ, ಹಾಗಾಗಿ ಅಂಕ ಕೊಡೋದು ಸಮವಸ್ತ್ರಕ್ಕೆ, ಪಥಸಂಚಲನಕ್ಕೆ ಮತ್ತು ಸ್ವಾಗತ ಗೀತೆಗೆ.

ಇಷ್ಟೆಲ್ಲ ಸಾಂಗವಾಗಿ ನಡೆಯುತ್ತಿರುವಾಗ ಒಂದು ದಿನ ಬೆಂಗಳೂರಿಂದ ತಂಡ ತಪಾಸಣೆಗೆ ಬರುತ್ತದೆ. ಅವರಿಗೆ ಹಾರುವ ಪಟವೇ ಬೇಕಂತೆ. ಹೆಡ್‌ಮಾಸ್ತರರು ಓಡಿಹೋಗಿ ಮಾಳಿಗೆಯ ಹುಡುಗನನ್ನು ಕರೆತರುತ್ತಾರೆ, ಕಾಗದದ ಪಟ ತರಿಸುತ್ತಾರೆ, ದಾರಕ್ಕೆ ತಮ್ಮ ಜೇಬಿನ ದುಡ್ಡು ಕೊಡುತ್ತಾರೆ. ಎಲ್ಲ ಸಿದ್ಧ. ಗಾಳಿ ಇಲ್ಲ. ಬೇವಿನ ಎಲೆ ಅಲುಗೋದಿಲ್ಲ. ತಂಡದವರು ಅರ್ಧ ಗಂಟೆ ಕಾದು, ಶೇಂಗಾ ಹೋಳಿಗೆ ತಿಂದು, ಬರೆದುಕೊಂಡು ಹೋಗುತ್ತಾರೆ. ವಾರದೊಳಗೆ ನೋಟಿಸ್: ತಪಾಸಣೆಯ ದಿನ ಗಾಳಿ ಗೈರುಹಾಜರಾದ ಬಗ್ಗೆ ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು.

ಹೆಡ್‌ಮಾಸ್ತರರು ಅನುಭವಸ್ಥರು. ‘ಮಾನ್ಯರೇ, ಸದರಿ ಗಾಳಿಯು ಹಿಂದಿನ ದಿನ ಸಂಜೆಯವರೆಗೂ ಶಾಲಾ ಆವರಣದಲ್ಲಿ ಕರ್ತವ್ಯ ನಿರ್ವಹಿಸುತ್ತಿದ್ದು, ತಪಾಸಣೆಯ ದಿನ ಯಾವುದೇ ಪೂರ್ವಾನುಮತಿ ಪಡೆಯದೆ ತೆರಳಿರುತ್ತದೆ’ ಅಂತ ಬರೆದು, ಕವರಿಂಗ್ ಲೆಟರ್ ಹಚ್ಚಿ ಕಳಿಸುತ್ತಾರೆ. ಅದು ವಾಪಸ್ ಬರುತ್ತದೆ. ಪಂಚನಾಮೆ ಲಗತ್ತಿಸಿಲ್ಲವಂತೆ. ಅದಕ್ಕೆ ಐದು ಜನರ ಸಹಿ ಬೇಕು. ನಾಲ್ಕು ಆಗಿವೆ. ಐದನೆಯದು ಪಿ.ಟಿ. ಸರ್ ಹಾಕಬೇಕು, ಅವರು ಮತದಾರರ ಪಟ್ಟಿಯ ಬಿಎಲ್‌ಒ ಡ್ಯೂಟಿಗೆ ಹೋಗಿದ್ದಾರೆ.