ಲಾರಿಯೊಳಗಿನ ಡಬ್ಬ, ಅಮ್ಮನ ಟೋಕನ್

ಹೋದ ಭಾನುವಾರ ಅಮ್ಮನ ಜೊತೆ ಕೂತು 'ಅಂಡರ್‌ಕವರ್ ಬಾಸ್' ನೋಡಿದೆ. ಅಮೆರಿಕದ ಶೋ. ಕಂಪನಿಯ ದೊಡ್ಡ ಸಾಹೇಬರು ಹೆಸರು, ವೇಷ ಎರಡೂ ಬದಲಿಸಿಕೊಂಡು ತಮ್ಮದೇ ಕಂಪನೀಲಿ ಕೆಲವು ದಿನ ಕೆಳಗಿನ ಕೆಲಸ ಮಾಡ್ತಾರೆ. ಕೊನೆಗೆ ತಮ್ಮ ಜೊತೆ ದುಡಿದವರನ್ನ ಕರೆಸಿ, ತಾವು ಯಾರು ಅಂತ ಹೇಳಿ, ಒಬ್ಬರಿಗೆ ಪ್ರಮೋಷನ್, ಇನ್ನೊಬ್ಬರಿಗೆ ಮಕ್ಕಳ ಓದಿಗೆ ದುಡ್ಡು ಕೊಡ್ತಾರೆ. ಕೊಟ್ಟವರೂ ಅಳ್ತಾರೆ, ತಗೊಂಡವರೂ ಅಳ್ತಾರೆ. ನಾನಂತೂ ಎಷ್ಟು ಸಲ ನೋಡಿದರೂ ಅಳ್ತೀನಿ.

ಅಮ್ಮ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಇಪ್ಪತ್ತೆರಡು ವರ್ಷ ಟೈಲರ್ ಆಗಿದ್ದವರು. ಇಂಗ್ಲಿಷ್ ಬರಲ್ಲ. ಅದಕ್ಕೆ ನಾನು ಪಕ್ಕದಲ್ಲಿ ಕೂತು ಒಂದೊಂದೇ ಮಾತನ್ನ ಕನ್ನಡದಲ್ಲಿ ಹೇಳ್ತಾ ಹೋದೆ.

ನಾವು ನೋಡಿದ್ದು ಅಮೆರಿಕದಲ್ಲಿ ಬಂದ ಮೊಟ್ಟಮೊದಲ ಕಂತು. 2010ರ ಫೆಬ್ರವರಿ 7ರಂದು ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ ಪಂದ್ಯ ಮುಗಿದ ಕೂಡಲೇ ಸಿಬಿಎಸ್ ಚಾನೆಲ್ ಇದನ್ನ ಹಾಕಿತ್ತು, ಅವತ್ತು 3.8 ಕೋಟಿಗೂ ಹೆಚ್ಚು ಜನ ನೋಡಿದ್ದರು. ಕಸ ಎತ್ತುವ ದೊಡ್ಡ ಕಂಪನಿ ವೇಸ್ಟ್ ಮ್ಯಾನೇಜ್‌ಮೆಂಟ್‌ನ ಅಧ್ಯಕ್ಷ ಲ್ಯಾರಿ ಓಡೊನೆಲ್ ಹೊಸ ಕೆಲಸಗಾರನ ಹಾಗೆ ಬರ್ತಾನೆ. ಗಾಳಿಗೆ ಹಾರಿದ ಕಸ ಆರಿಸೋಕೆ ಹೋದರೆ, ಸಾಕಷ್ಟು ಬೇಗ ಆರಿಸ್ತಿಲ್ಲ ಅಂತ ಅವನನ್ನ ಕೆಲಸದಿಂದ ತೆಗೆದೇ ಹಾಕ್ತಾರೆ. ಅವನನ್ನ ತೆಗೆದು ಹಾಕಿದ ಆ ಮನುಷ್ಯ ಸ್ವತಃ ಡಯಾಲಿಸಿಸ್ ಮಾಡಿಸಿಕೊಳ್ತಾ ಬಿಸಿಲಲ್ಲಿ ದುಡೀತಿರೋನು. ಅಮ್ಮ ಅಲ್ಲೇ ಒಂದು ಸಲ "ಅಯ್ಯೋ ಶಿವನೇ" ಅಂದರು.

ಆಮೇಲೆ ಲಾರಿ ಓಡಿಸೋ ಹೆಂಗಸು ಬಂದಳು. ಮನೆಮನೆಯ ಕಸ ಎತ್ತುವ ಲಾರಿ. ದಿನಕ್ಕೆ ಇಷ್ಟು ಮನೆ ಮುಗಿಸಲೇಬೇಕು, ನಡುವೆ ಎಲ್ಲೂ ನಿಲ್ಲಿಸೋ ಹಾಗಿಲ್ಲ. ಮೂತ್ರಕ್ಕೆ ಏನು ಮಾಡ್ತೀಯ ಅಂದರೆ, ಲಾರಿಯೊಳಗೇ ಒಂದು ಡಬ್ಬ ಇಟ್ಟುಕೊಂಡಿದೀನಿ ಅಂತಾಳೆ.

ಅಮ್ಮ ನನ್ನ ಕೈ ಹಿಡಿದರು. "ನಿಲ್ಸೇ ಸ್ವಲ್ಪ" ಅಂದರು. ನಿಲ್ಲಿಸಿದೆ. "ಅಲ್ಲೂನಾ?" ಅಂತ ಕೇಳಿದರು, ಅಷ್ಟೇ.

ಅಮ್ಮನ ಲೈನಲ್ಲಿ ಬಾತ್‌ರೂಮಿಗೆ ಹೋಗೋಕೆ ಟೋಕನ್ ಇತ್ತು. ಇಡೀ ಲೈನಿಗೆ ಎರಡೇ ಟೋಕನ್. ಒಬ್ಬಳು ವಾಪಸ್ ಬಂದು ಟೋಕನ್ ಇಟ್ಟ ಮೇಲೇ ಇನ್ನೊಬ್ಬಳು ಏಳಬೇಕು. ಗಂಟೆಗೆ ಇಷ್ಟು ಪೀಸ್ ಅಂತ ಬೋರ್ಡಲ್ಲಿ ಬರೆದಿರೋರು, ಅದು ತುಂಬದಿದ್ದರೆ ಸೂಪರ್‌ವೈಸರ್ ಎಲ್ಲರ ಎದುರಿಗೇ ಬಯ್ಯೋನು. ಆ ಗೋಜೇ ಬೇಡ ಅಂತ ಅಮ್ಮ ಬೆಳಿಗ್ಗೆಯಿಂದ ಊಟದ ಬೆಲ್ ಹೊಡೆಯೋವರೆಗೆ ನೀರೇ ಕುಡೀತಿರಲಿಲ್ಲ. ಚಿಕ್ಕವಳಿದ್ದಾಗ ನನಗೆ ಗೊತ್ತಿದ್ದದ್ದು ಅಮ್ಮನಿಗೆ ಪದೇ ಪದೇ ಉರಿಮೂತ್ರ ಆಗುತ್ತೆ ಅನ್ನೋದು ಮಾತ್ರ. ಯಾಕೆ ಅನ್ನೋದು ಗೊತ್ತಾಗಿದ್ದು ಈ ಭಾನುವಾರ.

ಇಂಥ ಶೋ ಬಗ್ಗೆ ಮಾತು ಬಂದಾಗೆಲ್ಲ ಯಾರಾದರೊಬ್ಬರು "ಎಲ್ಲಾ ಸ್ಕ್ರಿಪ್ಟೆಡ್ಡು, ಅಳೋಕೂ ದುಡ್ಡು ಕೊಟ್ಟಿರ್ತಾರೆ" ಅಂತಾರೆ. ನಾನು ಒಪ್ಪಲ್ಲ. ಹೊಸಬನೊಬ್ಬನ ಮೇಲೆ ಡಾಕ್ಯುಮೆಂಟರಿ ಮಾಡ್ತಿದೀವಿ ಅಂತ ಏನೋ ಒಂದು ಕಾರಣ ಹೇಳಿ ಕ್ಯಾಮೆರಾ ತಂದಿರ್ತಾರೆ. ಆ ಲಾರಿ ಹೆಂಗಸಿಗೆ ಪಕ್ಕದಲ್ಲಿ ಕೂತವನು ಯಾರು ಅಂತ ಗೊತ್ತಿಲ್ಲ. ಡಬ್ಬದ ವಿಷಯ ಅವಳು ಹೇಳಿದ್ದು ತನ್ನಂಥವನೇ ಒಬ್ಬನಿಗೆ. ಎಡಿಟಿಂಗ್ ಇದೆ, ಹಿನ್ನೆಲೆ ಸಂಗೀತ ಇದೆ, ಯಾರ ಕಥೆ ತೋರಿಸಬೇಕು ಅನ್ನೋ ಆಯ್ಕೆಯೂ ಇದೆ. ಹಾಗಿದ್ದೂ ಆ ಮಾತು ಸುಳ್ಳಲ್ಲ. ಓಡೊನೆಲ್‌ಗೂ ಅದು ನಾಟಿತು. ಹೆಡ್ ಆಫೀಸಲ್ಲಿ ಕೂತು ತಾನೇ ಏರಿಸಿದ ಟಾರ್ಗೆಟ್ಟು ಕೊನೆಗೆ ಈ ಡಬ್ಬಕ್ಕೆ ಬಂದು ನಿಂತಿದೆ ಅಂತ ಅವನ ಮುಖದಲ್ಲೇ ಕಾಣುತ್ತೆ.

ಆದರೆ ಅಮ್ಮ ಕೇಳಿದ ಒಂದು ಪ್ರಶ್ನೆ ನನ್ನನ್ನ ಬಿಡ್ತಿಲ್ಲ. "ಇದ್ರಲ್ಲಿ ಯಾರೂ ಯಾರಿಗೂ ಬಯ್ತಾನೇ ಇಲ್ವಲ್ಲೇ?"

ಫಾರಿನ್ ಬಯರ್ ಬರೋ ದಿನ ಅವರ ಫ್ಯಾಕ್ಟರಿ ಹೇಗಿರ್ತಿತ್ತು ಅಂತ ಆಗ ಹೇಳಿದರು. ಹಿಂದಿನ ದಿನವೇ ನೆಲ ತೊಳೆಸೋರು, ಎಲ್ಲರಿಗೂ ಮಾಸ್ಕ್ ಹಂಚೋರು. ಬಾತ್‌ರೂಮಲ್ಲಿ ಸೋಪು ಬರೋದು. ಟೋಕನ್ ಮಾಯ ಆಗೋದು. ಯಾರಾದರೂ ಕೇಳಿದರೆ ಏನು ಹೇಳಬೇಕು ಅಂತ ಮೊದಲೇ ಹೇಳಿಕೊಡೋರು. ದಿನವಿಡೀ ಕಿರುಚೋ ಸೂಪರ್‌ವೈಸರ್ ಅವತ್ತು "ಬನ್ನಿ ಅಕ್ಕ, ಹೋಗಿ ಅಕ್ಕ" ಅನ್ನೋನು. ಅಮ್ಮ ಅವತ್ತು ಹೊಟ್ಟೆ ತುಂಬ ನೀರು ಕುಡೀತಿದ್ದರಂತೆ.

ನೋಡೋರು ಬಂದ ದಿನ ಕೆಲಸದ ಜಾಗ ಹೇಗಿರುತ್ತೆ ಅನ್ನೋದು ಅಮ್ಮನಿಗೆ ಚೆನ್ನಾಗಿ ಗೊತ್ತು. ಶೋನಲ್ಲಿ ಇಲ್ಲದ್ದು ಆ ಭಯ. ಬೆಳಿಗ್ಗೆ ಪಂಚಿಂಗ್ ಎರಡು ನಿಮಿಷ ತಡವಾದರೆ ಎದೆ ಹೊಡ್ಕೊಳ್ಳುತ್ತಲ್ಲ, ಅದು. ಇದೇ ಕಂತಲ್ಲಿ ಅದು ಒಂದು ಕ್ಷಣ ಇಣುಕುತ್ತೆ. ಊಟದಿಂದ ಒಂದು ನಿಮಿಷ ತಡವಾಗಿ ಬಂದರೆ ಎರಡು ನಿಮಿಷದ ಸಂಬಳ ಮುರೀತಾರೆ ಅಂತ ಒಬ್ಬಳು ಹೇಳ್ತಾ ಗಡಿಯಾರದ ಕಡೆಗೆ ಓಡ್ತಾಳೆ. ಇಡೀ ಕಂತಲ್ಲಿ ನನಗೆ ಅತಿ ನಿಜ ಅನ್ನಿಸಿದ್ದು ಆ ಓಟ. ಅಲ್ಲಿ ಯಾರೂ ಅಳೋದಿಲ್ಲ.

ಕೊನೆಯ ಭಾಗ ಬಂದಾಗ ಅಮ್ಮನೂ ಕಣ್ಣೊರೆಸಿಕೊಂಡರು. ಒಂದೇ ಸಂಬಳಕ್ಕೆ ನಾಲ್ಕಾರು ಜನರ ಕೆಲಸ ಮಾಡ್ತಾ, ಮನೆ ಕೈತಪ್ಪೋ ಹೆದರಿಕೆಯಲ್ಲಿದ್ದ ಹುಡುಗಿಗೆ ಪ್ರಮೋಷನ್ ಸಿಗುತ್ತೆ. ಯಾರಿಗೆ ಸಂತೋಷ ಆಗಲ್ಲ? ಅದರ ಬೆನ್ನಿಗೇ ಅಮ್ಮ, "ಮಿಕ್ಕ ಲಾರಿಯೋರಿಗೆ?" ಅಂದರು.

ಓಡೊನೆಲ್ ಅದೇ ವರ್ಷ ಕಂಪನಿ ಬಿಟ್ಟ. ಶೋ ಮುಂದುವರೀತು, 2012 ಮತ್ತು 2013ರಲ್ಲಿ ಅಮೆರಿಕದ ಟಿವಿ ಲೋಕದ ದೊಡ್ಡ ಪ್ರಶಸ್ತಿ ಎಮ್ಮಿಯೂ ಬಂತು. ನನಗೆ ಸಂಕಟ ಆಗೋದು ಎಲ್ಲಿ ಅಂದರೆ, ಮೂತ್ರಕ್ಕೆ ಹೋಗೋಕೆ ಹತ್ತು ನಿಮಿಷ, ಸಾಲ ಮಾಡದೆ ಬದುಕೋವಷ್ಟು ಸಂಬಳ, ಇವೆಲ್ಲ ಅಲ್ಲಿ ಉಡುಗೊರೆಯಾಗಿ ಸಿಗುತ್ತೆ. ಕೊಡೋನ ಮನಸ್ಸು ಕರಗಬೇಕು, ಎದುರಿಗೆ ಕ್ಯಾಮೆರಾ ಇರಬೇಕು. ನಾವು ಕೊಡೋನ ಒಳ್ಳೇತನ ನೋಡಿ ಅಳ್ತೀವಿ.

2016ರ ಏಪ್ರಿಲ್ ನೆನಪಿದೆಯಾ? ಪಿಎಫ್‌ನಲ್ಲಿ ಮಾಲೀಕರ ಪಾಲಿನ ದುಡ್ಡನ್ನ 58 ವರ್ಷ ಆಗೋವರೆಗೆ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಗೆ ಇಳಿದರು. ಹೊಸೂರು ರಸ್ತೆ ನಿಂತುಹೋಯ್ತು. ಲಾಠಿ ಬಿತ್ತು, ಕಲ್ಲು ತೂರಾಟ ಆಯ್ತು, ಬಸ್ಸಿಗೆ ಬೆಂಕಿ ಬಿತ್ತು. ಎರಡನೇ ದಿನವೇ, 19ಕ್ಕೆ, ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಅಮ್ಮ ಅವತ್ತು ಬ್ಯಾಗು, ಟಿಫಿನ್ ಬಾಕ್ಸ್ ಹಿಡಿದುಕೊಂಡೇ ರಸ್ತೆಯಲ್ಲಿ ಕೂತಿದ್ದರು. ಟಿವಿಯಲ್ಲಿ ಎರಡು ದಿನವೂ ಟ್ರಾಫಿಕ್ ಜಾಮ್‌ದೇ ಸುದ್ದಿ. ಮನೆಗೆ ಬಂದವರ ಮುಖ ಕೆಂಪಗಾಗಿತ್ತು, ಗಂಟಲು ಕಟ್ಟಿತ್ತು. "ಕೂಗಿ ಕೂಗಿ ಸಾಕಾಯ್ತು ಕಣೇ" ಅಂತ ನಗ್ತಾ ಹೇಳಿದ್ದರು. ಅಷ್ಟು ಜೋರಾಗಿ ಅಮ್ಮ ನಕ್ಕಿದ್ದನ್ನ ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಕೆಲಸ ಬಿಟ್ಟು ನಾಲ್ಕು ವರ್ಷ ಆಯ್ತು. ಭಾನುವಾರ ಶೋ ಮುಗಿದ ಮೇಲೆ ಒಂದು ಚೊಂಬು ನೀರು ತಂದು ಅಮ್ಮನ ಮುಂದೆ ಇಟ್ಟೆ. "ಸಂಜೆ ದೇವಸ್ಥಾನಕ್ಕೆ ಹೋಗ್ಬೇಕಲ್ಲ, ಬಂದು ಕುಡೀತೀನಿ ಬಿಡು" ಅಂದರು. ದೇವಸ್ಥಾನ ನಮ್ಮ ಮನೆಯಿಂದ ಐದು ನಿಮಿಷದ ದಾರಿ.