ಹವೆ ಒಗ್ಗೋದಿಲ್ಲವಂತೆ

1952ರ ಮಾರ್ಚ್. ಬಾನ್‌ನಲ್ಲಿ ಪಶ್ಚಿಮ ಜರ್ಮನಿಯ ಸಂಸತ್ತು ಸೇರಿತ್ತು. ಅವತ್ತು ಚರ್ಚೆಗೆ ಬಂದದ್ದು ಸುಮಾರು 3,000 ಮಕ್ಕಳ ವಿಚಾರ. ತಾಯಂದಿರು ಜರ್ಮನ್ನರು. ಅಪ್ಪಂದಿರು ಯುದ್ಧ ಮುಗಿದ ಮೇಲೆ ಅಲ್ಲಿ ಬೀಡುಬಿಟ್ಟಿದ್ದ ಕಪ್ಪು ಸೈನಿಕರು, ಹೆಚ್ಚಿನವರು ಅಮೆರಿಕದವರು. ಮಕ್ಕಳು ಹುಟ್ಟಿದ್ದು ಅಲ್ಲೇ, ಅಂಬೆಗಾಲಿಟ್ಟಿದ್ದು ಅಲ್ಲೇ, ಹಟ ಮಾಡಿದ್ದೂ ಜರ್ಮನ್ ಭಾಷೆಯಲ್ಲೇ. ಆದರೂ ಒಬ್ಬ ಸಂಸದೆಗೆ ಅವರ ಆರೋಗ್ಯದ ಚಿಂತೆ ಹತ್ತಿತು. ನಮ್ಮ ದೇಶದ ಹವೆ ಇವರಿಗೆ ಒಗ್ಗೋದಿಲ್ಲ, ಅಪ್ಪಂದಿರ ದೇಶಕ್ಕೆ ಕಳಿಸಿದರೆ ಮಕ್ಕಳಿಗೇ ಒಳ್ಳೆಯದಲ್ವಾ ಎಂಬ ಯೋಚನೆಯೂ ಇದೆ ಎಂದರು.

ಎಂಥಾ ಕಾಳಜಿ ನೋಡಿ! ಶಿಕಾಗೋದಲ್ಲಿ ಮೊಣಕಾಲುದ್ದ ಹಿಮ ಬೀಳುತ್ತದೆ ಅನ್ನೋದು ಈ ಕಾಳಜಿಗೆ ಅಡ್ಡ ಬರಲಿಲ್ಲ. ಬಿಳಿ ಸೈನಿಕರಿಗೆ ಹುಟ್ಟಿದ ಮಕ್ಕಳು ಇದರ ಎಷ್ಟೋ ಪಟ್ಟು ಜಾಸ್ತಿ ಇದ್ದರು. ಅವರಿಗೆ ನೆಗಡಿಯಾದೀತು ಅಂತ ಯಾರೂ ನಿದ್ದೆಗೆಡಲಿಲ್ಲ.

ಈಗ ಕಾಲ ಬದಲಾಗಿದೆ. ಹವೆಯ ಮಾತು ಯಾರೂ ಎತ್ತೋದಿಲ್ಲ. ಸುಮ್ನೆ ಕುತೂಹಲಕ್ಕೆ ಕಪ್ಪು ಜರ್ಮನ್ನರನ್ನು ಒಂದು ಪ್ರಶ್ನೆ ಕೇಳುತ್ತಾರೆ, ಅಷ್ಟೇ.

"ಎಲ್ಲಿಯವರು ನೀವು?"

"ಕೊಲೋನ್."

"ಅಲ್ಲ, ನಿಜವಾಗಿ ಎಲ್ಲಿಯವರು?"

"ನಿಜವಾಗಿಯೂ ಕೊಲೋನ್. ಸ್ಟೇಷನ್ ಹಿಂದಿನ ಬೀದಿ."

"ಅದು ಸರಿ. ಅಪ್ಪ ಅಮ್ಮ?"

"ಅಮ್ಮನೂ ಕೊಲೋನ್. ಅಪ್ಪ ಡ್ಯುಸೆಲ್ಡಾರ್ಫ್."

"ಅವರಿಗೂ ಮುಂಚೆ?"

ಹೀಗೆ ವಂಶವೃಕ್ಷದ ಒಂದೊಂದೇ ಕೊಂಬೆ ಹತ್ತುತ್ತಾ ಹೋಗುತ್ತಾರೆ, ತುದಿಯಲ್ಲಿ ಒಂದು ತೆಂಗಿನಕಾಯಿ ಕಾಣುವವರೆಗೂ. "ಓಹೋ, ತಾತ ಘಾನಾದವರಾ!" ಅಂದಮೇಲೆ ಕೇಳುವವರಿಗೆ ನೆಮ್ಮದಿ. ಮುಂದಿನ ಪ್ರಶ್ನೆ ಇನ್ನೂ ಪ್ರೀತಿಯದು: "ವಾಪಸ್ ಯಾವಾಗ?"

ಮ್ಯೂನಿಕ್‌ನಲ್ಲಿರುವ ನಮ್ಮ ಸಾಫ್ಟ್‌ವೇರ್ ಹುಡುಗನಿಗೆ ಈ ಪರೀಕ್ಷೆ ಸಲೀಸು. "ಇಂಡಿಯಾ, ಹಾಸನ" ಅಂದರೆ ಪಾಸು. ಕೊಲೋನ್‌ನವನು ಕೊಲೋನ್ ಅಂದರೆ ಫೇಲು. ನಾವೇನೂ ಕಮ್ಮಿಯಿಲ್ಲ ಬಿಡಿ. ಯಲ್ಲಾಪುರ, ಹಳಿಯಾಳದ ಆಫ್ರಿಕಾ ಮೂಲದ ಸಿದ್ದಿಗಳು ನೂರಾರು ವರ್ಷಗಳಿಂದ ನಮ್ಮವರೇ. ಅವರಿಗೆ ಬೆಂಗಳೂರಿನಲ್ಲಿ ಸಿಗುವ ಹೊಗಳಿಕೆ, "ಕನ್ನಡ ಎಷ್ಟು ಚೆನ್ನಾಗಿ ಕಲಿತಿದೀರ್ರೀ!"

ಜರ್ಮನಿಗೆ ಬರೋಣ. ಥಿಯೋಡೋರ್ ವೊನ್ಯಾ ಮಿಖಾಯೆಲ್ ಅಂತ ಒಬ್ಬರಿದ್ದರು. 1925ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವರು. ಅಪ್ಪ ಕ್ಯಾಮರೂನಿನವರು, ಅವರು ಜರ್ಮನಿಗೆ ಬಂದಾಗ ಅದು ಜರ್ಮನಿಯ ವಸಾಹತಾಗಿತ್ತು. ಆ ಕಾಲದಲ್ಲಿ ದುಡ್ಡು ತೆಗೆದುಕೊಂಡು ಮನುಷ್ಯರನ್ನೇ ತೋರಿಸುವ ಪ್ರದರ್ಶನಗಳು ನಡೆಯುತ್ತಿದ್ದವು. ಬರ್ಲಿನ್ ಹುಡುಗನಿಗೆ ಹುಲ್ಲಿನ ಲಂಗ ಸುತ್ತಿ "ಇಗೋ ಆಫ್ರಿಕಾ" ಎಂದು ನಿಲ್ಲಿಸಿದರು. ಮುಂದೆ ನಾಜಿಗಳ ಕಾಲದಲ್ಲಿ ಈತ ಬೀದಿಗೆ ಬೇಡವಾದರು, ಸಿನಿಮಾಕ್ಕೆ ಬೇಕಾದರು. ವಸಾಹತುಗಳ ವೈಭವ ತೋರಿಸುವ ಚಿತ್ರಗಳಿಗೆ ಕಪ್ಪು ಮುಖಗಳು ಬೇಕಿದ್ದವಲ್ಲ! ದೇಶದೊಳಗೆ ಜಾಗ ಇಲ್ಲ, ಸ್ಟುಡಿಯೋದೊಳಗೆ ಇದೆ. ಅದೇ ಸರ್ಕಾರ 1937ರಲ್ಲಿ ರೈನ್ ನದಿಯ ಕಡೆಯ ಸುಮಾರು 400 ಕಪ್ಪು ಮಕ್ಕಳಿಗೆ ಬಲವಂತವಾಗಿ ಸಂತಾನಹರಣ ಮಾಡಿಸಿತು. ಅದರ ಬಗ್ಗೆ ವಿಡಂಬನೆ ಬರೆಯಲು ನನಗೆ ಬರೋದಿಲ್ಲ.

ಈಗ ಸಿನಿಮಾದ ಜಾಗಕ್ಕೆ ಫುಟ್ಬಾಲ್ ಬಂದಿದೆ. ಜೆರೋಮ್ ಬೋಟೆಂಗ್ ಹುಟ್ಟಿದ್ದು ಬರ್ಲಿನ್‌ನಲ್ಲಿ. 2014ರಲ್ಲಿ ವಿಶ್ವಕಪ್ ಗೆದ್ದ ತಂಡದ ಡಿಫೆಂಡರ್. ಎರಡು ವರ್ಷದ ನಂತರ ವಲಸೆ ವಿರೋಧಿ ಎಎಫ್‌ಡಿ ಪಕ್ಷದ ಮುಖಂಡ ಗೌಲಾಂಡ್ ಏನೆಂದರು? ಜನ ಅವನನ್ನು ಆಟಗಾರನಾಗಿ ಮೆಚ್ಚುತ್ತಾರೆ, ಆದರೆ ಪಕ್ಕದ ಮನೆಯಲ್ಲಿ ಬೇಡ ಅನ್ನುತ್ತಾರೆ ಎಂದರು. ಅಂದರೆ ಅರ್ಜೆಂಟೀನಾದವರು ಗೋಲಿಗೆ ನುಗ್ಗುವಾಗ ಬೋಟೆಂಗ್ ಪಕ್ಕದಲ್ಲೇ ಇರಬೇಕು. ಕಾಂಪೌಂಡಿನ ಪಕ್ಕ ಮಾತ್ರ ಬೇಡ.

2024ರಲ್ಲಿ ಯೂರೋ ಕಪ್ ಫುಟ್ಬಾಲ್ ಜರ್ಮನಿಯಲ್ಲೇ ನಡೆಯಿತು. ಅದರ ಹೊಸ್ತಿಲಲ್ಲಿ ಒಂದು ಟಿವಿ ವಾಹಿನಿಯ ಸಮೀಕ್ಷೆ ಬಂತು. ರಾಷ್ಟ್ರೀಯ ತಂಡದಲ್ಲಿ ಬಿಳಿ ಆಟಗಾರರು ಇನ್ನಷ್ಟು ಇದ್ದರೆ ಚೆನ್ನ ಅಂದವರು ಶೇ. 21. ಕೋಚ್ ನಾಗೆಲ್ಸ್‌ಮನ್ ಕೆಂಡವಾದರು, ಇಂಥ ಪ್ರಶ್ನೆ ಕೇಳಿದ್ದಕ್ಕೆ. ಉತ್ತರ ಕೊಟ್ಟ ಶೇ. 21 ಮಂದಿ ತಣ್ಣಗೆ ಮನೆಯಲ್ಲಿ ಕೂತು ಪಂದ್ಯ ನೋಡಿದರು. ಮೊದಲ ಪಂದ್ಯದಲ್ಲೇ ಕಪ್ಪು ಆಟಗಾರ ಜಮಾಲ್ ಮುಸಿಯಾಲಾ ಗೋಲು ಹೊಡೆದ. ಜರ್ಮನಿ 5-1ರಿಂದ ಗೆದ್ದಿತು. ಆ ಗೋಲಿಗೆ ಅವರು ಚಪ್ಪಾಳೆ ತಟ್ಟಿದರೋ ಇಲ್ಲವೋ, ಯಾರೂ ಸಮೀಕ್ಷೆ ಮಾಡಲಿಲ್ಲ.

ಜರ್ಮನಿಯ ಜನಗಣತಿ ಚರ್ಮದ ಬಣ್ಣ ಕೇಳೋದಿಲ್ಲ. ಅಲ್ಲಿನ ಕಪ್ಪು ಜನರೇ ಆಫ್ರೋಸೆನ್ಸಸ್ ಅಂತ ಒಂದು ಸಮೀಕ್ಷೆ ಮಾಡಿಕೊಂಡರು. ಉತ್ತರ ಕೊಟ್ಟ ಹತ್ತರಲ್ಲಿ ಒಂಬತ್ತು ಮಂದಿ ಹೇಳಿದ್ದು, ಕೇಳದೆಯೇ ನಮ್ಮ ತಲೆಗೂದಲು ಮುಟ್ಟುತ್ತಾರೆ ಅಂತ. ಜಾತ್ರೆಯಲ್ಲಿ ಬಸವನ ಡುಬ್ಬ ಸವರಿದ ಹಾಗೆ! ಬಸವನಿಗೆ ಬಾಳೆಹಣ್ಣಾದರೂ ಸಿಗುತ್ತದೆ.

ಕೊನೆಗೆ ಬರ್ಲಿನ್ನಿನ ಒಂದು ರಸ್ತೆಯ ಕಥೆ. ಕಪ್ಪು ಜನರನ್ನು ಹೀಯಾಳಿಸುವ ಹಳೇ ಹೆಸರು ಅದಕ್ಕಿತ್ತು. ಬದಲಾಯಿಸಿ ಅಂತ ವರ್ಷಗಟ್ಟಲೆ ಹೋರಾಟ ನಡೆಯಿತು. 2020ರಲ್ಲಿ ಮೆಟ್ರೋದವರು ಅಲ್ಲಿನ ಸ್ಟೇಷನ್ನಿಗೆ ಬೇರೆ ಹೆಸರು ಹುಡುಕಿದರು. ಸಿಕ್ಕಿದ್ದು ಪಕ್ಕದ ರಸ್ತೆಯ ಹೆಸರು, ರಷ್ಯಾದ ಸಂಗೀತಗಾರ ಗ್ಲಿಂಕಾ. ಆತ ಯಹೂದಿ ದ್ವೇಷಿ ಅಂತ ಗದ್ದಲವಾಯಿತು. ಆ ಹೆಸರನ್ನೂ ಕೈಬಿಟ್ಟರು. ರಸ್ತೆಗೆ ಆಂಟನ್ ವಿಲ್ಹೆಲ್ಮ್ ಆಮೋ ಅವರ ಹೆಸರೆಂದು ತೀರ್ಮಾನವಾಯಿತು. ಇಂದಿನ ಘಾನಾದಿಂದ ಹುಡುಗನಾಗಿದ್ದಾಗಲೇ ತಂದು ಒಬ್ಬ ಡ್ಯೂಕ್‌ಗೆ ಕಾಣಿಕೆ ಕೊಟ್ಟಿದ್ದರು ಆಮೋ ಅವರನ್ನು. ಅವರು ಅಲ್ಲೇ ಓದಿ, 1734ರಲ್ಲಿ ವಿಟೆನ್‌ಬರ್ಗ್‌ನಲ್ಲಿ ಡಾಕ್ಟರೇಟ್ ಪಡೆದು, ಹಾಲೆ ಮತ್ತು ಯೇನಾದಲ್ಲಿ ಜರ್ಮನ್ನರಿಗೇ ತತ್ತ್ವಶಾಸ್ತ್ರ ಪಾಠ ಹೇಳಿದವರು. ಈ ಹೆಸರಿಗೂ ಆಕ್ಷೇಪ, ಅರ್ಜಿ, ಕೋರ್ಟು. ಕಡೆಗೆ 2025ರ ಆಗಸ್ಟ್‌ನಲ್ಲಿ ಬೋರ್ಡು ಏರಿತು.

ಆಮೋ ಜರ್ಮನಿಗೆ ಬಂದದ್ದು 1707ರ ಸುಮಾರಿಗೆ. ಜರ್ಮನ್ ಕಚೇರಿಗಳಲ್ಲಿ ವಿಳಾಸ ನೋಂದಣಿ ಸ್ವಲ್ಪ ನಿಧಾನ ಅಂತ ನಮ್ಮ ಮ್ಯೂನಿಕ್ ಹುಡುಗರು ಗೊಣಗುತ್ತಿರುತ್ತಾರೆ. ಅವರಿಗೆ ಇದನ್ನೊಂದು ಹೇಳಿ.